ಮಗ್ಗದ ಗುಂಡಿಯ ಹುಳ

ನಮ್ಮ ಮನೆಯಲ್ಲಿ ಹಾವು ಎನ್ನುವ ಮಾತನ್ನು ಯಾರೂ ಆಡುವಂತಿರಲಿಲ್ಲ. ಬಾಯಿ ತಪ್ಪಿ ಅಂದರೆ ಅಮ್ಮ ಒಲೆಯ ಮುಂದಿನಿಂದಲೇ ಗದರುತ್ತಿದ್ದಳು. ಹುಳ ಅನ್ನಬೇಕು. ದೊಡ್ಡಬಳ್ಳಾಪುರದ ಕಡೆ ಬಹಳ ಜನ ಹಾಗೆಯೇ ಅನ್ನುತ್ತಾರೆ. ಬದುವಿನ ಮೇಲೆ ಹುಳ ಕಂಡಿತು, ಅವನಿಗೆ ಹುಳ ಮುಟ್ಟಿತು ಎಂದರೆ ಯಾವ ಹುಳ ಎಂದು ಯಾರೂ ಕೇಳುವುದಿಲ್ಲ. ಹೆಸರು ಹಿಡಿದು ಕರೆದರೆ ಬಂದುಬಿಡುತ್ತದೆ ಎಂಬ ಭಯ. ನಮ್ಮ ಮನೆಗೆ ಅದು ಕರೆಯದೆಯೇ ಬಂದು, ಮಗ್ಗದ ಮನೆಯ ಗುಂಡಿಯಲ್ಲಿ ಸುರುಳಿ ಸುತ್ತಿ ಮಲಗಿತ್ತು. ಅದು ಹೆಬ್ಬಾವು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಗಂಡಸರು ಹೆಂಗಸರು ಎಲ್ಲರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಯಾರಿಂದ ಓದಿದೆ ಎಂದು ಕೇಳಿದರೆ ಅಪ್ಪ, ಅಮ್ಮ, ನಮ್ಮ ಮೇಡಂ ಎಂದು ಹೇಳಿ, ಆಮೇಲೆ ಒಂದು ಹೆಬ್ಬಾವು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಪ್ರಾಣಿಶಾಸ್ತ್ರ ಓದಿದವಳಲ್ಲವೇ, ಅದಕ್ಕೆ ಹಾಗೆ ಹೇಳುತ್ತಾಳೆ ಅಂದುಕೊಳ್ಳುತ್ತಾರೆ. ವಿಷಯ ಅದಲ್ಲ.

ತಾತನ ಕಾಲದಲ್ಲಿ ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುವ ಕೈಮಗ್ಗ. ಅಪ್ಪನೂ ಹುಡುಗನಾಗಿದ್ದಾಗ ಅದರ ಮೇಲೆಯೇ ಕೈ ಪಳಗಿಸಿಕೊಂಡವನು. ಆಮೇಲೆ ಕರೆಂಟ್ ಮಗ್ಗಗಳು ಬಂದವು. ಅಪ್ಪ ಹಳೆಯ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ, ಗುಂಡಿಯನ್ನು ಮಾತ್ರ ಮುಚ್ಚಲಿಲ್ಲ. ನಮ್ಮಪ್ಪ ಕಾಲಿಟ್ಟ ಜಾಗ, ಇರಲಿ ಎಂದ. ಮೇಲೊಂದು ಹಲಗೆ ಹಾಕಿದ. ಅದರ ಎರಡೂ ಪಕ್ಕದಲ್ಲಿ ಹೊಸ ಮಗ್ಗಗಳು ಹಗಲೆಲ್ಲ ಲಟಲಟ ಹೊಡೆದುಕೊಳ್ಳುತ್ತಿದ್ದವು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಪಿಯುಸಿಯಲ್ಲಿದ್ದೆ. ಬಚ್ಚಲಿಗೆ ಹಾಸಲು ಚಪ್ಪಡಿ ತರುತ್ತೇನೆಂದು ಅಪ್ಪ ಎತ್ತಿನ ಗಾಡಿ ಮಾಡಿಕೊಂಡು ಮಾಕಳಿದುರ್ಗದ ಕಡೆ ಕಲ್ಲು ಬಂಡೆಗೆ ಹೋಗಿದ್ದ. ಸಂಜೆ ಬಂದಾಗ ಗಾಡಿಯಲ್ಲಿ ಚಪ್ಪಡಿಯೂ ಇತ್ತು, ಪಕ್ಕದಲ್ಲಿ ಬಾಯಿ ಕಟ್ಟಿದ ನೂಲಿನ ಚೀಲವೂ ಇತ್ತು. ಚೀಲ ಉಸಿರಾಡುತ್ತಿತ್ತು.

"ಬಂಡೆ ಸಿಡಿಸಿದಾಗ ಕಲ್ಲು ಬಿದ್ದು ಬೆನ್ನು ಕಿತ್ತೋಗಿದೆ," ಎಂದ ಅಪ್ಪ. "ಸುತ್ತ ನಿಂತ್ಕೊಂಡು ದೊಣ್ಣೆ ಹುಡುಕ್ತಾ ಇದ್ರು. ಬಿಟ್ಬರಕ್ಕಾಗ್ಲಿಲ್ಲ."

"ಚಪ್ಪಡಿ ತರ್ತೀನಿ ಅಂತ ಹೋಗಿ ಇದನ್ನ ತಂದಿದೀರಲ್ಲ, ತಲೆ ನೆಟ್ಟಗಿದೆಯಾ ನಿಮ್ಗೆ?" ಎಂದಳು ಅಮ್ಮ.

"ಗಾಯ ವಾಸಿ ಆಗ್ಲಿ, ಬಿಟ್ಬರ್ತೀನಿ."

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ದೂರದಿಂದಲೇ ನೋಡಿದಳು. "ನಾಗಪ್ಪ ಆಗಿದ್ರೆ ಕೈಯಾದ್ರೂ ಮುಗೀಬೋದಿತ್ತು. ಇದಕ್ಕೆ ಏನ್ ಮಾಡ್ಬೇಕು ನಾನು?"

"ಏನೂ ಮಾಡ್ಬೇಡ. ಒಂದು ಬೋಗುಣಿ ನೀರಿಡು ಸಾಕು."

ಹೀಗೆ ಅದು ತಾತನ ಗುಂಡಿಗೆ ಇಳಿಯಿತು. ಮೇಲೆ ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಹಲಗೆ, ಹಲಗೆಯ ಮೇಲೆ ಹಳೆಯ ಒರಳುಕಲ್ಲು. ಅಪ್ಪ ಗಾಯಕ್ಕೆ ಅರಿಶಿನ ಕಲಸಿದ ಎಣ್ಣೆ ಹಚ್ಚುತ್ತಿದ್ದ. ಆಗೆಲ್ಲ ಅದು ಬುಸ್ ಎಂದು ಉಸಿರು ಬಿಡುತ್ತಿತ್ತು, ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ. ಒಂದು ಸಲ ಮಾತ್ರ ಕಚ್ಚಿತು. ಅಪ್ಪ ಅದಕ್ಕೆ ಹಾಕಲು ತಂದ ಕೋಳಿಯನ್ನು ಮುಟ್ಟಿದ ಕೈಯನ್ನೇ ಅದರ ಮೂತಿಯ ಹತ್ತಿರ ಒಯ್ದಿದ್ದ. ವಿಷವಿಲ್ಲದಿದ್ದರೂ ಹಲ್ಲು ಸಾಲಾಗಿ ಇಳಿದಿದ್ದವು. ಅಮ್ಮ ಅದಕ್ಕೂ ಅದೇ ಅರಿಶಿನದ ಎಣ್ಣೆ ಹಚ್ಚಿದಳು, ಬೈಯುತ್ತಾ.

ಗಾಯ ವಾಸಿಯಾದ ಮೇಲೂ ಅದು ಹೋಗಲಿಲ್ಲ. ಕಾರಣ ಇಲಿ. ಗಂಜಿ ಹಾಕಿದ ನೂಲು ಎಂದರೆ ಇಲಿಗೆ ಹಬ್ಬದೂಟ. ಬೆಳಿಗ್ಗೆ ಎದ್ದು ನೋಡಿದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ಹಾಸು ಅಲ್ಲಲ್ಲಿ ಕತ್ತರಿಸಿ ಹೋಗಿರುತ್ತಿತ್ತು. ಒಂದೊಂದೇ ಎಳೆ ಹುಡುಕಿ ಗಂಟು ಹಾಕುವಷ್ಟರಲ್ಲಿ ಅಮ್ಮನ ಕಣ್ಣು ಉರಿದುಹೋಗುತ್ತಿತ್ತು. ಕರೆಂಟ್ ಇಲ್ಲದ ದಿನ ಮಗ್ಗ ನಿಂತಿರುವಾಗ ಅಪ್ಪ ಬಾಗಿಲು ಭದ್ರಮಾಡಿ ಹುಳವನ್ನು ಗುಂಡಿಯಿಂದ ಹೊರಗೆ ಬಿಡುತ್ತಿದ್ದ. ಕೆಲವು ತಿಂಗಳಲ್ಲಿ ಇಲಿಗಳು ನಮ್ಮ ಮನೆ ಬಿಟ್ಟು ಬೀದಿಯ ಆಚೆ ಸಾಲಿಗೆ ವರ್ಗವಾದವು. ಆಮೇಲೆ ಬಿಟ್ಟು ಬರುವ ಮಾತನ್ನು ಅಮ್ಮನೂ ಎತ್ತಲಿಲ್ಲ. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ಗುಂಡಿಯ ಕಡೆ ನೋಡಿ, "ಎದ್ದಿದೆಯಾ?" ಎಂದು ಕೇಳುವಷ್ಟು ಬಳಕೆಯಾಯಿತು.

ಅದನ್ನು ನೋಡಿಕೊಳ್ಳುವ ಕೆಲಸ ನಿಧಾನಕ್ಕೆ ನನಗೆ ಬಂತು. ಬಂದಾಗ ಅಪ್ಪನ ತೋಳಿನಷ್ಟಿದ್ದದ್ದು ವರ್ಷ ಕಳೆಯುವಷ್ಟರಲ್ಲಿ ತೊಡೆಯಷ್ಟಾಯಿತು. ಚಳಿಗಾಲದಲ್ಲಿ ಹಿತ್ತಲ ಬಿಸಿಲಿಗೆ ಎತ್ತಿ ತರಬೇಕು. ಎತ್ತುವುದೆಂದರೆ ನೀರು ತುಂಬಿದ ಕೊಡ ಎತ್ತಿದ ಹಾಗಲ್ಲ. ಕೊಡ ಒಂದು ಕಡೆ ಭಾರ. ಇದು ಎಲ್ಲ ಕಡೆಯೂ ಭಾರ, ಮೇಲಾಗಿ ಆ ಭಾರ ಜಾಗ ಬದಲಾಯಿಸುತ್ತಾ ಇರುತ್ತದೆ. ಅಪ್ಪ ಮುಂದೆ, ನಾನು ಹಿಂದೆ. ಮೈ ಜಾರುತ್ತದೆ, ಜಿಗುಟಾಗಿರುತ್ತದೆ ಅಂದುಕೊಂಡಿದ್ದೆ. ಮುಟ್ಟಿದರೆ ಒಣಗಿತ್ತು, ತಣ್ಣಗಿತ್ತು, ಇಸ್ತ್ರಿ ಮಾಡಿ ಆರಿದ ಸೀರೆಯ ಹಾಗೆ. ನಾವು ಸಾಕಿದ ನಾಯಿಯಂತೆ ಅದು ಬಾಲ ಆಡಿಸಲಿಲ್ಲ, ನಮ್ಮನ್ನು ಗುರುತು ಹಿಡಿಯಿತೆಂದೂ ನಾನು ಹೇಳಲಾರೆ. ಆದರೆ ಮಗ್ಗಗಳು ಓಡುವಾಗ ನೆಲದ ನಡುಕಕ್ಕೆ ಅದು ತೊಟ್ಟಿಲಲ್ಲಿ ಮಲಗಿದಂತೆ ಸುಮ್ಮನಿರುತ್ತಿತ್ತು. ಕರೆಂಟ್ ಹೋಗಿ ಮಗ್ಗ ನಿಂತರೆ, ಏನಾಯಿತು ಎಂದು ಕೇಳುವಂತೆ ತಲೆ ಎತ್ತುತ್ತಿತ್ತು.

ಪಿಯುಸಿ ಮುಗಿಯಿತು. ಇಲ್ಲಿ ನಮ್ಮ ಸೋದರತ್ತೆಯ ವಿಷಯ ಹೇಳಬೇಕು. ಅತ್ತೆ ಅಪ್ಪನಿಗೆ ಅಕ್ಕ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅಪ್ಪನನ್ನು ಎತ್ತಿ ಆಡಿಸಿ, ಉಣ್ಣಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ದೇವನಹಳ್ಳಿ ತಾಲ್ಲೂಕಿಗೆ ಮದುವೆಯಾಗಿ ಹೋಗಿದ್ದಳು. ಅತ್ತೆಯ ಮಾತಿಗೆ ಅಪ್ಪ ಹುಟ್ಟಿದಾಗಿನಿಂದ ಇಲ್ಲ ಅಂದವನಲ್ಲ. ಅವಳು ಒಳ್ಳೆಯವಳು, ಆದರೆ ಅವಳ ಲೆಕ್ಕದಲ್ಲಿ ಹೆಣ್ಣುಮಗುವಿಗೆ ಬಸ್ಸಿನ ಬೋರ್ಡ್ ಓದಲು ಬಂದರೆ ಸಾಕಿತ್ತು. ಅಪ್ಪ ನನ್ನನ್ನು ಬಿ.ಎಸ್ಸಿ.ಗೆ ಸೇರಿಸಿ ಬಂದ ದಿನ, "ಅಕ್ಕಂಗೆ ಆಮೇಲೆ ಹೇಳೋಣ" ಎಂದ. ಆಮೇಲೆ ಎಂದರೆ ಯಾವಾಗ ಎಂದು ಹೇಳಲಿಲ್ಲ.

ಅತ್ತೆಗೆ ಗೊತ್ತಾಗುವುದು ತಡವಾಗಲಿಲ್ಲ. ಬಂದವಳೇ ನಡುಮನೆಯಲ್ಲಿ ಕೂತು, "ಲೋ, ಓದ್ಸಿದ್ದು ಸಾಕು ಕಣೋ. ಒಳ್ಳೆ ಸಂಬಂಧ ಹುಡುಕ್ತೀನಿ. ಒಪ್ಪಿಗೆ ಆದ್ರೆ ಕಾಲೇಜು ಬಿಡ್ಸು" ಎಂದಳು.

"ಹೂಂ ಕಣಕ್ಕ," ಎಂದ ಅಪ್ಪ.

ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡೆ. ಅವತ್ತಿನಿಂದ ಬೀದಿಯಲ್ಲಿ ಯಾರ ಹೆಜ್ಜೆ ಕೇಳಿದರೂ ಅತ್ತೆಯೇನೋ ಎಂದು ಇಣುಕುತ್ತಿದ್ದೆ. ಮೊದಲನೇ ವರ್ಷ ಹಾಗೂ ಹೀಗೂ ಕಳೆದೆ. ಎರಡನೇ ವರ್ಷ ಶುರುವಾಗುವ ಹೊತ್ತಿಗೆ ಅತ್ತೆಯಿಂದ ಸುದ್ದಿ ಬಂತು. ಸಂಬಂಧ ಸಿಕ್ಕಿದೆ, ಭಾನುವಾರ ಬರುತ್ತಾರೆ. ಹುಡುಗನ ಮನೆಯವರು ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಬೆಳೆಯುವವರು. ಅವರಿಗೆ ಆ ಕೆಲಸ ಬಲ್ಲ ಹುಡುಗಿಯೇ ಬೇಕಿತ್ತಂತೆ.

ನನಗೆ ಆ ಕೆಲಸ ಎಲ್ಲಿ ಗೊತ್ತಿತ್ತು? ಅಲ್ಲೇ ಎಡವಟ್ಟಾದದ್ದು. ನಮ್ಮ ಬೀದಿಯವರೊಬ್ಬರು ಅತ್ತೆಯ ಊರಿಗೆ ಹೋಗಿದ್ದಾಗ, ನಿಮ್ಮ ತಮ್ಮ ಈಗ ಹುಳ ಸಾಕಿದಾನೆ ಎಂದು ಹೇಳಿದ್ದರು. ಅತ್ತೆಯ ಕಡೆ ಮನೆಮನೆಯಲ್ಲೂ ಹುಳ ಸಾಕುತ್ತಾರೆ. ಅಲ್ಲಿ ಹುಳ ಎಂದರೆ ರೇಷ್ಮೆ ಹುಳ. ತಮ್ಮ ಮಗ್ಗದ ಜೊತೆಗೆ ರೇಷ್ಮೆಗೂ ಕೈ ಹಾಕಿದ್ದಾನೆ ಎಂದು ಅವಳು ಹಿಗ್ಗಿ, ಬೀಗರಾಗುವವರ ಮನೆಯಲ್ಲಿ ಅದನ್ನೇ ದೊಡ್ಡದಾಗಿ ಹೇಳಿಬಿಟ್ಟಿದ್ದಳು. ನಡುಮನೆಯಲ್ಲಿ ಕೂತು ಎದ್ದು ಹೋಗುವ ಅವಳಿಗೆ ಮಗ್ಗದ ಮನೆಯ ಸದ್ದು ಆಗದು, ಕರೆಂಟ್ ಮಗ್ಗ ಬಂದ ಮೇಲೆ ಒಳಗೆ ಬಂದವಳೇ ಅಲ್ಲ. ಅವಳ ಬೈಗುಳಕ್ಕೆ ಹೆದರಿ ನಾವೂ ಗುಂಡಿಯ ಸಂಗತಿ ಬಾಯಿ ಬಿಟ್ಟಿರಲಿಲ್ಲ. ಆದರೆ ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಭಾನುವಾರ ಬಂದರು. ಹುಡುಗ, ಹುಡುಗನ ಅಪ್ಪ, ಅತ್ತೆ. ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತ. ನಾನು ಕಾಫಿ ಕೊಟ್ಟು ಬಾಗಿಲ ಮರೆಗೆ ನಿಂತೆ. ಹುಡುಗನ ಅಪ್ಪ ಗಟ್ಟಿ ಆಳು, ಬಿಳಿ ಪಂಚೆ, ಮಾತು ನೇರ.

"ಹುಳ ಹೆಂಗಿದೆ ಯಜಮಾನ್ರೇ?"

"ಚೆನ್ನಾಗಿದೆ," ಎಂದ ಅಪ್ಪ.

"ಎಷ್ಟು ಮೊಟ್ಟೆ ತಂದಿದ್ರಿ?"

"ಮೊಟ್ಟೆ ತರ್ಲಿಲ್ಲ. ಸ್ವಲ್ಪ ಬೆಳ್ದಿದ್ದನ್ನೇ ತಂದ್ವಿ."

"ಅದೇ ಒಳ್ಳೇದು ಬಿಡಿ, ಅರ್ಧ ತಲೆನೋವು ತಪ್ತು. ಜ್ವರ ಎಲ್ಲ ಸರಿಯಾಗಿ ಎದ್ವಾ?"

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಆಗ ಹುಳ ಮೇವು ಬಿಟ್ಟು, ಮಂಕಾಗಿ ತಲೆ ಎತ್ತಿ ಕೂತಿರುತ್ತದೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಮೊನ್ನೆ ತಾನೆ ಪೊರೆ ಬಿಡ್ತು. ಒಂದು ವಾರದಿಂದ ಏನೂ ಮುಟ್ಟಿರ್ಲಿಲ್ಲ, ಕಣ್ಣು ಮಂಕಾಗಿತ್ತು. ಈಗ ಲವಲವಿಕೆಯಾಗಿದೆ" ಎಂದ.

"ಒಂದು ವಾರ?" ಹುಡುಗನ ಅಪ್ಪನ ಹುಬ್ಬು ಗಂಟಾಯಿತು. "ನಮ್ಮಲ್ಲಿ ಒಂದು ದಿವ್ಸಕ್ಕೆಲ್ಲ ಎದ್ಬಿಡ್ತವೆ. ಮೇವು ಹೊತ್ತೊತ್ತಿಗೆ ಬೀಳ್ತಾ ಇದೆಯಾ?"

"ಹದಿನೈದು ದಿವ್ಸಕ್ಕೊಂದು ಸಲ ಹಾಕ್ತೀವಿ. ಅಷ್ಟೇ ಬೇಕಾಗೋದು ಅದಕ್ಕೆ."

ಅವರು ಅತ್ತೆಯ ಮುಖ ನೋಡಿದರು. ಅತ್ತೆ ಅಪ್ಪನ ಮುಖ ನೋಡಿದಳು. ಒಳಗೆ ನನ್ನ ಪಕ್ಕ ನಿಂತಿದ್ದ ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಆಗ ನನಗೂ ಹೊಳೆಯಿತು, ಇಬ್ಬರೂ ಮಾತಾಡುತ್ತಿರುವುದು ಒಂದೇ ಹುಳದ ಬಗ್ಗೆ ಅಲ್ಲ.

"ಅದ್ಯಾವ ಜಾತಿ ಸ್ವಾಮಿ ಅದು?"

"ಕಾಡಿನ ಜಾತಿ. ಬಂಡೆ ಹತ್ರ ಸಿಕ್ತು."

"ಒಂದ್ಸಲ ನೋಡ್ಬೋದಾ?"

"ಬನ್ನಿ, ಅದಕ್ಕೇನಂತೆ," ಎಂದು ಅಪ್ಪ ಎದ್ದ.

ಹುಳದ ಮನೆಗೆ ರೋಗ ಹೊತ್ತುಕೊಂಡು ಹೋಗಬಾರದು ಎಂಬುದು ರೇಷ್ಮೆಯವರ ಶಿಸ್ತು. ಹುಡುಗನ ಅಪ್ಪ ಹಿತ್ತಲಿಗೆ ಹೋಗಿ ಕೈಕಾಲು ತಿಕ್ಕಿ ತೊಳೆದುಕೊಂಡರು. ಮಗನಿಗೂ ತೊಳೆಸಿದರು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ದೇವಸ್ಥಾನಕ್ಕೆ ಹೋಗುವವರಂತೆ ಮಗ್ಗದ ಮನೆಗೆ ಕಾಲಿಟ್ಟರು. ಅತ್ತೆ ಹೊಸಿಲಿನ ಆಚೆಯೇ ನಿಂತಳು. ಎರಡೂ ಮಗ್ಗ ಓಡುತ್ತಿದ್ದವು. ಅವರು ಗೋಡೆಯ ಉದ್ದಕ್ಕೂ ರೇಷ್ಮೆ ಹುಳ ಸಾಕುವ ಬಿದಿರು ತಟ್ಟೆಗಳನ್ನು ಹುಡುಕುತ್ತಿದ್ದರು. ಅಪ್ಪ ಒರಳುಕಲ್ಲು ಉರುಳಿಸಿ ಹಲಗೆ ಸರಿಸಿದ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಎಂದಿನ ಹಾಗೆ ನಮ್ಮ ಹುಳ ಏನಾಯಿತೆಂದು ತಲೆ ಎತ್ತಿತು.

ಹುಡುಗ ಬಾಗಿಲಲ್ಲಿದ್ದವನು ಆಮೇಲೆ ಬೀದಿಯಲ್ಲಿದ್ದ. ಅವನ ಅಪ್ಪ ಓಡಲಿಲ್ಲ. ಜಾಲರಿಯ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ, "ನೀವು ಹೇಳಿದ್ದು ಈ ಹುಳಾನಾ?" ಎಂದರು.

"ನಮ್ಮನೇಲಿರೋದು ಇದೊಂದೇ," ಎಂದ ಅಪ್ಪ.

ಅವರು ತಿರುಗಿ, ಹಿಂದೆಯೇ ಬಂದು ನಿಂತಿದ್ದ ನನ್ನನ್ನು ನೋಡಿದರು. "ಹುಡುಗಿ ಇದನ್ನ ಮುಟ್ತಾಳಾ?"

ಹಿರಿಯರು ಕೇಳಿದ್ದಕ್ಕೆ ನಾನೇ ಉತ್ತರ ಕೊಡಬೇಕಾಗಿರಲಿಲ್ಲ. ಆದರೂ ಕೊಟ್ಟೆ. "ಮುಟ್ತೀನಿ. ಬಿಸಿಲಿಗೂ ಎತ್ಕೊಂಡ್ ಬರ್ತೀನಿ."

ಅವರು ತಲೆಯಾಡಿಸಿದರು. ಮರ್ಯಾದಸ್ಥರು, ಒಂದು ಕೆಟ್ಟ ಮಾತು ಆಡಲಿಲ್ಲ. ತಿಳಿಸ್ತೀವಿ ಎಂದು ಹೇಳಿ ಹೋದರು. ತಿಳಿಸಲಿಲ್ಲ.

ಅತ್ತೆ ಮಾತ್ರ ಅವತ್ತು ಊಟ ಮುಟ್ಟಲಿಲ್ಲ. "ಊರಲ್ಲಿ ಜನ ದನ ಸಾಕ್ತಾರೆ, ಕುರಿ ಸಾಕ್ತಾರೆ. ನೀನು ಇದನ್ನ ಸಾಕು. ನಾಳೆ ಇದಕ್ಕೇ ಒಂದು ಗಂಡು ನೋಡು," ಎಂದಳು. ಬಸ್ಸಿಗೆ ಹೊರಡುವಾಗ, "ಮೊದ್ಲು ಅದನ್ನ ಆಚೆ ಹಾಕು. ಅಲ್ಲೀವರ್ಗೂ ಈ ಮನೆಗೆ ನಾನು ಯಾರ್ನೂ ಕರ್ಕೊಂಡ್ ಬರಲ್ಲ" ಎಂದು ಹೇಳಿ ಹೋದಳು.

"ಹೂಂ ಕಣಕ್ಕ," ಎಂದ ಅಪ್ಪ.

ಸುದ್ದಿ ತಾಲ್ಲೂಕಿನ ಆಚೆ ತುದಿಯ ಸಾಸಲಿನವರೆಗೂ ಹೋಯಿತು. ನಾನು ಹೆಬ್ಬಾವಿನ ಮನೆ ಹುಡುಗಿ ಆದೆ. ಕಾಲೇಜಿನಲ್ಲಿ ಗೆಳತಿಯರು, "ಲೇ, ಇವತ್ತು ನಿಮ್ಮನೇಲಿ ಯಾರು ಯಾರ್ನ ನುಂಗಿದ್ರು?" ಎಂದು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಏನು? ಒಂದು ಗಂಡೂ ನಮ್ಮ ಬೀದಿಗೆ ತಿರುಗಲಿಲ್ಲ. ನಾನು ಪ್ರತಿ ಬೆಳಿಗ್ಗೆ ಪುಸ್ತಕ ಎತ್ತಿಕೊಂಡು ಕಾಲೇಜಿಗೆ ಹೊರಡುತ್ತಿದ್ದೆ.

ಅಮ್ಮನಿಗೆ ಮಾತ್ರ ಚಿಂತೆ ಹತ್ತಿತು. ಮಗಳಿಗೆ ಕೆಟ್ಟ ಹೆಸರು ಬಂದುಬಿಟ್ಟಿತಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅದರ ಭಾರವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಅತ್ತೆಯಿಂದಲೂ ಆಗಾಗ ಹೇಳಿಕೆ ಬರುತ್ತಿತ್ತು, ಆಚೆ ಹಾಕಿದೆಯಾ ಎಂದು. ಅಪ್ಪ ಅದಕ್ಕೊಂದು ಉತ್ತರ ಕಳಿಸುತ್ತಿದ್ದ. ಈಗ ಪೊರೆ ಬಿಡೋ ಟೈಮು, ಮುಟ್ಬಾರ್ದು. ಈಗ ತಾನೆ ತಿಂದಿದೆ, ಅಲ್ಲಾಡಿಸಿದ್ರೆ ಕಕ್ಕಿಬಿಡ್ತದೆ. ಚಳಿ ಶುರುವಾಗಿದೆ, ಕಾಡಲ್ಲಿ ಬಿಟ್ರೆ ಸತ್ತೋಗ್ತದೆ. ಹೇಳಿದ್ದೆಲ್ಲ ನಿಜ. ಒಂದರಲ್ಲೂ ನನ್ನ ಓದಿನ ಮಾತಿರಲಿಲ್ಲ.

ಕೊನೆಯ ವರ್ಷ ನಮ್ಮ ಪ್ರಾಣಿಶಾಸ್ತ್ರದ ಮೇಡಂ ಹಾವುಗಳ ಪಾಠ ಮಾಡುತ್ತಾ, ಹೆಬ್ಬಾವಿಗೆ ಬಾಲದ ಬುಡದಲ್ಲಿ ಎರಡು ಸಣ್ಣ ಉಗುರುಗಳಿರುತ್ತವೆ, ಹಿಂದೆ ಕಾಲಿದ್ದ ಗುರುತು ಎಂದರು. ಮನೆಗೆ ಬಂದವಳೇ ಅಪ್ಪನನ್ನು ಕರೆದು, ಹುಳವನ್ನು ಹೊರಳಿಸಿ ನೋಡಿದೆ. ಇದ್ದವು. ಇಷ್ಟು ದಿನ ಎತ್ತಿ ಇಳಿಸಿದವಳ ಕಣ್ಣಿಗೆ ಬಿದ್ದಿರಲಿಲ್ಲ.

"ಇದಕ್ಕೂ ಒಂದು ಕಾಲದಲ್ಲಿ ಕಾಲಿತ್ತಂತೆ ಅಪ್ಪ."

ಅಪ್ಪ ಬಗ್ಗಿ ನೋಡಿ, "ಹಂಗಾದ್ರೆ ನಡ್ಕೊಂಡೇ ಬರ್ತಿತ್ತಲ್ಲ, ಸುಮ್ನೆ ಗಾಡಿಲಿ ತಂದೆ" ಎಂದ. ಆಮೇಲೆ ಲಾಳಿ ಕೈಗೆತ್ತಿಕೊಂಡು, ನನ್ನ ಕಡೆ ನೋಡದೆ, "ಇಂಥದ್ದೆಲ್ಲ ಹೇಳ್ಕೊಡ್ತಾರಾ ಅಲ್ಲಿ?" ಎಂದು ಕೇಳಿದ.

"ಹೂಂ."

"ಕಲ್ತ್ಕೊ."

ಪರೀಕ್ಷೆ ಮುಗಿದ ದಿನ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಗುಂಡಿ ಅದಕ್ಕೆ ಸಾಲದಾಗಿತ್ತು, ಸುರುಳಿಯ ಮೇಲೆ ಸುರುಳಿ ಬಿದ್ದು ಜಾಲರಿಯನ್ನೇ ಎತ್ತುತ್ತಿತ್ತು. ಮೇಡಂ ಮೊದಲು ನಂಬಲಿಲ್ಲ. ನಂಬಿದ ಮೇಲೆ, "ಅದನ್ನ ಮನೇಲಿ ಇಟ್ಕೊಳ್ಳೋ ಹಾಗಿಲ್ಲ ಕಣಮ್ಮ, ಕಾನೂನಿದೆ" ಎಂದು ಬೈದು, ತಾವೇ ಅರಣ್ಯ ಇಲಾಖೆಯವರಿಗೆ ಹೇಳಿ ಕಳಿಸಿದರು. ಅವರು ಬಂದಾಗ ಅಪ್ಪ ಕೇಳಿದ್ದು ಒಂದೇ, ಬಂಡೆ ಸಿಡಿಸುವ ಕಡೆ ಬಿಡಬೇಡಿ. ಅಮ್ಮ ಕೊನೆಗೂ ಏನು ಮಾಡಬೇಕೆಂದು ತೀರ್ಮಾನಿಸಿಕೊಂಡಿದ್ದಳು. ಅರಿಶಿನ ಕುಂಕುಮ ಹಚ್ಚಲಿಲ್ಲ, ಕೈ ಮುಗಿಯಲಿಲ್ಲ. ಬೋಗುಣಿಯಲ್ಲಿ ಹೊಸ ನೀರು ತಂದು ಅದರ ತಲೆಯ ಮೇಲೆ ಚಿಮುಕಿಸಿ, "ಹುಷಾರು" ಎಂದಳು.

ಜೀಪಿನಲ್ಲಿ ಮಾಕಳಿದುರ್ಗದ ಬೆಟ್ಟದ ಹಿಂಭಾಗಕ್ಕೆ ಹೋದೆವು. ಕೆರೆಯ ಹಿನ್ನೀರಿನ ಹತ್ತಿರ, ಬಂಡೆಗಳ ಮಧ್ಯೆ ಗೋಣಿ ತಟ್ಟಿನಿಂದ ಅದನ್ನು ಇಳಿಸಿದೆವು. ತಲೆಯ ಕಡೆ ಅಪ್ಪ, ನಡುವೆ ಗಾರ್ಡು, ಬಾಲದ ಕಡೆ ನಾನು. ಕೊನೆಯ ಸಲ ಆ ಭಾರ ನನ್ನ ಕೈಯಿಂದ ಇಳಿಯಿತು. ಅದು ಸ್ವಲ್ಪ ಹೊತ್ತು ಮಲಗಿದ್ದು, ನಾಲಗೆ ಆಡಿಸಿ, ಅವಸರವೇ ಇಲ್ಲದೆ ಬಂಡೆಯ ಸಂದಿಗೆ ಹೋಯಿತು. ಹಳೆಯ ಗಾಯದ ಕಲೆ ಕೊನೆಗೆ ಕಂಡಿತು, ಮತ್ತೆ ಬಾಲ, ಮತ್ತೆ ಏನೂ ಇಲ್ಲ.

ಇಲಾಖೆಯವರಿಗೆ ಬೇರೆ ಕೆಲಸವಿತ್ತು. ನಮ್ಮನ್ನು ಮಾಕಳಿದುರ್ಗದ ಸ್ಟೇಷನ್ನಿನಲ್ಲಿ ಇಳಿಸಿ ಹೋದರು. ರೈಲಿಗೆ ಇನ್ನೂ ಹೊತ್ತಿತ್ತು. ಅಪ್ಪ ಖಾಲಿ ಗೋಣಿ ತಟ್ಟನ್ನು ಸೀರೆ ಮಡಿಸುವಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಬಹಳ ದಿನದಿಂದ ಕೇಳಬೇಕೆಂದುಕೊಂಡಿದ್ದನ್ನು ಅಲ್ಲಿ ಕೇಳಿದೆ.

"ಅಪ್ಪ, ಅವತ್ತು ಅವ್ರು ಜ್ವರ ಎದ್ವಾ ಅಂದಾಗ, ರೇಷ್ಮೆ ಹುಳದ್ ವಿಷ್ಯ ಅಂತ ನಿಂಗೆ ಗೊತ್ತಾಗ್ಲಿಲ್ವಾ?"

ಅಪ್ಪ ಹಳಿಯ ಕಡೆ ನೋಡುತ್ತಿದ್ದ. "ರೇಷ್ಮೆ ನೂಲಲ್ಲೇ ಹುಟ್ಟಿ ಬೆಳ್ದೋನು ಕಣಮ್ಮ ನಾನು. ಹುಳಕ್ಕೆ ಜ್ವರ ಅಂದ್ರೆ ಏನು ಅಂತ ಗೊತ್ತಿಲ್ವಾ ನಂಗೆ?"

"ಮತ್ತೆ?"

"ಅಕ್ಕಂಗೆ ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರಲ್ಲ," ಎಂದ. "ಅದಕ್ಕೇ ಅವ್ರು ಕೇಳಿದ್ದಕ್ಕೆಲ್ಲ ಇರೋದು ಇದ್ದಂಗೆ ಹೇಳ್ಕೊಂಡು ಹೋದೆ. ಉಳ್ದಿದ್ದನ್ನ ಅದು ನೋಡ್ಕೊಳ್ತು."

ಗೋಣಿ ತಟ್ಟನ್ನು ಅವನ ತೊಡೆಯಿಂದ ತೆಗೆದು ನನ್ನ ತೊಡೆಯ ಮೇಲಿಟ್ಟುಕೊಂಡೆ. ರೈಲು ಬರುವವರೆಗೂ ಹಾಗೇ ಕೂತಿದ್ದೆವು.

ರಿಸಲ್ಟ್ ಬಂದು ನಾನು ಪಾಸಾದ ಮೇಲೆ ಅತ್ತೆ ಬಂದಳು, ಸ್ವೀಟ್ ಬಾಕ್ಸ್ ಹಿಡಿದುಕೊಂಡು. ನನ್ನ ಕೆನ್ನೆ ಸವರಿ ದೃಷ್ಟಿ ತೆಗೆದಳು. ನಮ್ಮ ಮನೇಲಿ ಡಿಗ್ರಿ ಆಯ್ತಲ್ಲ ಎಂದು ಅವಳು ಬೀದಿಯಲ್ಲಿ ಸಿಕ್ಕವರಿಗೆಲ್ಲ ಆಗಲೇ ಹೇಳಿಕೊಂಡು ಬಂದಿದ್ದಳು. ಆಮೇಲೆ, ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಮಗ್ಗದ ಮನೆಯ ಹೊಸಿಲು ದಾಟಿ, ಗೋಡೆ ಹಿಡಿದುಕೊಂಡು ಗುಂಡಿಯೊಳಗೆ ಇಣುಕಿದಳು.

"ಹೋಯ್ತಾ?"

"ಹೋಯ್ತು ಅತ್ತೆ."

"ಇನ್ನಾದ್ರೂ ಗಂಡು ನೋಡ್ಬೋದಾ?"

"ಬಿ.ಎಡ್. ಒಂದು ಆಗ್ಲಿ ಅತ್ತೆ."

ಅತ್ತೆ ಅಪ್ಪನ ಕಡೆ ತಿರುಗಿದಳು. ಅಪ್ಪ ಮಗ್ಗದ ಹಿಂದೆ ಬಗ್ಗಿ, ಇಲ್ಲದ ಎಳೆಯೊಂದನ್ನು ಹುಡುಕುತ್ತಿದ್ದ.

"ಲೋ," ಎಂದಳು ಅತ್ತೆ, "ಇನ್ನೊಂದು ಹುಳ ಎಲ್ಲಾದ್ರೂ ತಂದಿಟ್ಟಿದೀಯೇನೋ?"

"ಹೂಂ ಕಣಕ್ಕ," ಎಂದ ಅಪ್ಪ.